ಬಿರುಕಿಲ್ಲದ ಗಂಟೆ

ವೆಲ್ಷ್‌ಪೂಲ್, ಪರ್ತ್

ಆಸ್ಟ್ರೇಲಿಯಾಕ್ಕೆ ಸಾಮಾನು ಕಳಿಸುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಭತ್ತದ ಹುಲ್ಲಿನಲ್ಲಿ ಸುತ್ತಬೇಡಿ. ಕಂಚಿನ ಗಂಟೆಗೆ ಹುಲ್ಲಿಗಿಂತ ಒಳ್ಳೆಯ ಹಾಸಿಗೆ ಇಲ್ಲ. ಮೂವತ್ತು ವರ್ಷದಿಂದ ನಾನು ಹಾಗೇ ಕಳಿಸುತ್ತಾ ಬಂದಿದ್ದೇನೆ, ಒಂದರ ಅಂಚೂ ಮುಕ್ಕಾಗಿಲ್ಲ. ಆದರೆ ನಾವು ಹಾವನ್ನು ನೋಡುವ ಹಾಗೆ ಆ ದೇಶದವರು ಹುಲ್ಲನ್ನು ನೋಡುತ್ತಾರೆ. ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ನನ್ನ ಪೆಟ್ಟಿಗೆ ತೆಗೆದಾಗ ಕೈಗವಸು ತೊಟ್ಟ ಅಧಿಕಾರಿ ಹೆಂಗಸೊಬ್ಬಳು ಒಂದೊಂದೇ ಎಳೆಯನ್ನು ಚಿಮಟದಲ್ಲಿ ಎತ್ತಿ ಚೀಲಕ್ಕೆ ಹಾಕುತ್ತಿದ್ದಳು. ಮೂರು ಭತ್ತದ ಕಾಳು ಸಿಕ್ಕಿದವು. ಅವನ್ನು ಬಿಳಿ ತಟ್ಟೆಯಲ್ಲಿಟ್ಟು ನನ್ನ ಮುಖ ನೋಡಿದಳು. ಸಿಟ್ಟೇನೂ ಇರಲಿಲ್ಲ. ಹೋಂವರ್ಕ್ ಮಾಡದೆ ಬಂದವಳನ್ನು ಟೀಚರಮ್ಮ ನೋಡುವ ನೋಟ, ಅಷ್ಟೆ.

ಆ ಗೋದಾಮಿನಲ್ಲೇ ಮೈಸೂರಿನ ರಘು ಕೆಲಸ ಮಾಡುತ್ತಾನೆ. ಅವನ ಹೆಂಡತಿ ವಿನುತಾ ನನ್ನ ಗೆಳತಿಯ ಮಗಳು, ಪರ್ತ್‌ನಲ್ಲಿ ನಾನು ಇಳಿದುಕೊಂಡದ್ದು ಅವರ ಮನೆಯಲ್ಲಿ.

“ಆಂಟಿ, ಬೀಜ ಸಿಕ್ಕಿದೆ ಅವ್ರಿಗೆ. ಈ ಆರ್ವೋ ಬಿಡಲ್ಲ. ತೊಳೆದು ಒಣಗಿಸಿ ನಾಳೆ ಕೊಡ್ತಾರೆ,” ಎಂದ ರಘು. ಆರ್ವೋ ಎಂದರೆ ಅಲ್ಲಿಯವರ ಬಾಯಲ್ಲಿ ಮಧ್ಯಾಹ್ನ.

“ಸ್ವಲ್ಪ ಮಾತಾಡಿ ನೋಡೋ. ಹುಲ್ಲು ಬೇಕಾದ್ರೆ ಅವ್ರೇ ಇಟ್ಕೊಳ್ಳಲಿ, ಗಂಟೆ ಈಗ್ಲೇ ಕೊಡ್ಲಿ.”

“ಇಲ್ಲಿ ಮಾತಾಡಿದ್ರೆ ಇನ್ನೊಂದು ದಿನ ಜಾಸ್ತಿ ಆಗುತ್ತೆ ಆಂಟಿ.”

ಒಂಬತ್ತೂ ಗಂಟೆಗಳನ್ನು ಆ ಅಧಿಕಾರಿ ಬೆಂಚಿನ ಮೇಲೆ ಸಾಲಾಗಿಟ್ಟಳು. ಏಳನೆಯದರ ಮೈ ಸವರಿ ಏನೋ ಅಂದಳು. ಇದೊಂದು ಮಾತ್ರ ಹೊಸದರ ಹಾಗಿದೆಯಂತೆ ಎಂದ ರಘು. ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದೇನೆ ಎಂದು ಹೇಳು ಎಂದೆ. ಯೋಚಿಸುವ ಮೊದಲೇ ಆ ಮಾತು ಬಾಯಿಗೆ ಬಂದಿತ್ತು.

ಪಿಯಾರಾ ವಾಟರ್ಸ್

ಪಿಯಾರಾ ವಾಟರ್ಸ್‌ನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಬೆಳಿಗ್ಗೆ ಅಡ್ಡಾಡಿ ಬಂದವಳು ಬೇರೆ ಯಾರದೋ ಬಾಗಿಲು ತಟ್ಟಿದೆ. ತೆಗೆದವರು ಹೈದರಾಬಾದಿನವರು, ಕಾಫಿ ಕೊಟ್ಟೇ ಕಳಿಸಿದರು. ದಾರಿಯಲ್ಲಿ ಕಪ್ಪು ಬಿಳುಪಿನ ಹಕ್ಕಿಯೊಂದು ಹಿಂದಿನಿಂದ ಬಂದು ನನ್ನ ನೆತ್ತಿ ಕುಕ್ಕಿ ಹೋಯಿತು. ಮರಿ ಮಾಡುವ ಕಾಲದಲ್ಲಿ ಅಲ್ಲಿನ ಮ್ಯಾಗ್‌ಪೈಗಳು ಯಾರನ್ನೂ ಬಿಡುವುದಿಲ್ಲ. ಆ ದಿನಗಳಲ್ಲಿ ಹೋಗುವವರು ಕೊಡೆ ಹಿಡಿದು ನಡೆಯಿರಿ.

ವಿನುತಾ ನನ್ನ ನೆತ್ತಿಗೆ ಅರಿಶಿನ ಹಚ್ಚುತ್ತಾ, ಗಂಟೆ ತರಿಸಿಕೊಂಡ ಆ ಫ್ರೆಂಚ್ ಅಮ್ಮ ನಿಮ್ಮನ್ನು ಹೇಗೆ ಹುಡುಕಿದರು ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಒಂದನ್ನು ಮಾತ್ರ ಅವಳಿಗೆ ಹೇಳಲಿಲ್ಲ, ಅದನ್ನೂ ಬರೆಯುತ್ತೇನೆ.

ನಾನು ಮೊದಲು ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು. ಆಮೇಲೆ ಹಿತ್ತಾಳೆ, ಆಮೇಲೆ ಕಂಚು, ಆಮೇಲೆ ನಗರ್ತಪೇಟೆಯಲ್ಲಿ ನನ್ನದೇ ಅಂಗಡಿ. ಲೋಹವನ್ನು ನಾನು ಕಣ್ಣಿನಿಂದ ಕಲಿತದ್ದಲ್ಲ. ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ತವರ ಎಷ್ಟು, ಕಲಬೆರಕೆ ಎಷ್ಟು, ಎಲ್ಲಿ ಬಿರುಕು ಎಂದು ಕಿವಿ ಹೇಳುತ್ತದೆ. ಮೂರು ವರ್ಷದ ಹಿಂದೆ ಬಿಳಿ ಕೂದಲಿನ ತೆಳ್ಳನೆಯ ಹೆಂಗಸೊಬ್ಬರು ಅಂಗಡಿಗೆ ಬಂದು, ಯಾವುದನ್ನೂ ನೋಡದೆ, ಕಣ್ಣು ಮುಚ್ಚಿಕೊಂಡು ಗಂಟೆಗಳನ್ನು ತಟ್ಟತೊಡಗಿದಾಗ ನನ್ನ ಜಾತಿಯವಳೇ ಬಂದಳು ಅನ್ನಿಸಿತು. ಅವರೇ ಮದಾಮ್ ಸೊಲಾಂಜ್.

ಅವರು ಹಾಡುವವರಲ್ಲ, ನುಡಿಸುವವರೂ ಅಲ್ಲ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಸಂಗೀತ ಬರೆಯುತ್ತಾರೆ, ಅದನ್ನು ಅರವತ್ತು ಜನ ಕೂತು ನುಡಿಸುತ್ತಾರೆ. ನಮ್ಮಲ್ಲಿ ಸಂಗೀತವೆಂದರೆ ಎದುರು ಕೂತವರ ಗಂಟಲು. ಅವರಲ್ಲಿ ಸಂಗೀತ ಹುಟ್ಟಿಸಿದವರು ಸಭೆಯ ಕೊನೇ ಸಾಲಿನಲ್ಲಿ ಕೈಕಟ್ಟಿ ಕೂತಿರುತ್ತಾರೆ. ಅವರ ತಾಯಿ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರು. ಮಗಳು ಚರ್ಚಿನಲ್ಲಿ ಆರ್ಗನ್ ಕಲಿತು ಪ್ಯಾರಿಸ್ಸಿಗೆ ಓದಲು ಹೋದಳು. ಓದು ಮುಗಿದ ಮೇಲೆ ಅವಳು ಬರೆದದ್ದನ್ನು ಯಾರೂ ನುಡಿಸಲಿಲ್ಲ. ಹೊಟ್ಟೆಪಾಡಿಗೆ ಹನ್ನೆರಡು ವರ್ಷ ಸಿನಿಮಾದವರ ಧ್ವನಿ ಕೋಣೆಯಲ್ಲಿ ಟೇಪು ಕತ್ತರಿಸುವ ಕೆಲಸ. ಬಾಗಿಲು ಬಡಿದ ಸದ್ದು ಬೇಕು, ಬಡಿದ ಮೇಲೆ ಉಳಿಯುವ ಗುಂಯ್ ಬೇಡ. ಅದನ್ನು ಕತ್ತರಿಸಿ ಬುಟ್ಟಿಗೆ ಹಾಕು ಎನ್ನುತ್ತಿದ್ದರಂತೆ. ಆ ಬುಟ್ಟಿಗೆ ಬಿದ್ದದ್ದೇ ಅವರ ಇಡೀ ಜೀವನದ ಬಂಡವಾಳವಾಯಿತು.

ಅವರ ಸಂಗೀತದಲ್ಲಿ ರಾಗವಿಲ್ಲ, ತಾಳವಿಲ್ಲ. ಒಂದು ಗಂಟೆ ಹೊಡೆಯುತ್ತಾರೆ. ಆ ನಾದ ಇಳಿಯುತ್ತಾ ಇಳಿಯುತ್ತಾ ಸಾಯುವ ಹೊತ್ತಿಗೆ ಪಿಟೀಲುಗಳು ಅದೇ ಸ್ವರವನ್ನು ಅಷ್ಟೇ ಮೆಲ್ಲಗೆ ಎತ್ತಿಕೊಳ್ಳುತ್ತವೆ. ಕಂಚು ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು, ಹೇಳಲಾಗದು. ಸತ್ತವರ ಮನೆಯಲ್ಲಿ ಒಬ್ಬರ ಅಳು ನಿಂತಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಾರಲ್ಲ, ಹಾಗೆ. “ಹೊಡೆತ ಯಾರದಾದರೂ ಆಗಬಹುದು. ಉಳಿದದ್ದು ನನ್ನದು,” ಎಂದು ಅಂಗಡಿಯಲ್ಲಿ ಕೂತು ಹೇಳಿದ್ದರು. ಮೊದಲ ಕೃತಿ ನುಡಿಸಿದಾಗ ಅವರಿಗೆ ಮೂವತ್ತೆಂಟು, ಅರ್ಧ ಸಭೆ ಎದ್ದು ಹೋಯಿತಂತೆ. ಮುಂದೆ ಹದಿನೈದು ವರ್ಷ ಹೀಗೇ ನಡೆಯಿತು. ಕಿವುಡರಿಗಾಗಿ ಬರೆಯುತ್ತಾಳೆ ಎಂದು ಪತ್ರಿಕೆಯವರು ನಕ್ಕರು. ಆಮೇಲೆ ಒಂದು ದಿನ ಅವರೇ ಹೊಗಳಿದರು. ಆ ಹದಿನೈದು ವರ್ಷ ಬರೆಯುವ ರೀತಿಯನ್ನು ಎಳ್ಳಷ್ಟೂ ಬದಲಿಸಲಿಲ್ಲ ಎನ್ನುವುದು ಮದಾಮ್ ಅವರ ಹೆಮ್ಮೆ.

ಇನ್ನೊಂದು ಮಾತು ನೆನಪಿಡಿ. ಅವರು ಯಾವುದನ್ನೂ ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಟೇಪಿನ ಸದ್ದು ಸತ್ತ ಮೀನು ಎನ್ನುತ್ತಾರೆ. ಕೇಳಿದ್ದನ್ನು ಕಿವಿಯಲ್ಲೇ ಇಟ್ಟುಕೊಂಡು ಊರಿಗೆ ಹೋಗುತ್ತಾರೆ.

ಅಂಗಡಿಯಲ್ಲಿ ಎರಡು ದಿನ ಕೂತು ಅವರು ಒಂಬತ್ತು ಗಂಟೆ ಆರಿಸಿದರು. ಏಳನೆಯದನ್ನು ಮಾತ್ರ ಮತ್ತೆ ಮತ್ತೆ ತಟ್ಟಿದರು, ಹುಬ್ಬು ಗಂಟಿಕ್ಕಿದರು, ಅಂಚನ್ನು ಉಗುರಿನಿಂದ ಸವರಿದರು. ಅದಕ್ಕೆ ಕೂದಲೆಳೆಯಷ್ಟು ಬಿರುಕಿತ್ತು, ನನಗೂ ಗೊತ್ತಿತ್ತು. ತಟ್ಟಿದರೆ ಒಂದು ಸ್ವರ ಎರಡಾಗಿ ಸೀಳಿ, ಒಂದಕ್ಕೊಂದು ಉಜ್ಜಿಕೊಂಡು ನಡುಗುತ್ತಿತ್ತು. ಗಿರಾಕಿ ಒಂದೇ ಮಾಲನ್ನು ಇಪ್ಪತ್ತು ಸಲ ತಟ್ಟಿ ಮುಖ ಗಂಟಿಕ್ಕಿದರೆ ಅದರರ್ಥ ಒಂದೇ: ದೋಷ ಹಿಡಿದಿದ್ದಾರೆ, ಬೆಲೆ ಇಳಿಸಿ ಎನ್ನುತ್ತಾರೆ. ಆದರೆ ಅವರು ಚೌಕಾಸಿಯನ್ನೇ ಮಾಡಲಿಲ್ಲ. ಒಳ್ಳೆಯ ಹೆಂಗಸು, ಬಾಯಿ ಬಿಟ್ಟು ಕೇಳಲಿಲ್ಲ ಎಂದುಕೊಂಡೆ.

ಭಿನ್ನವಾದ ಗಂಟೆ ಮನೆಗೆ ಆಗದು, ಕೊಟ್ಟವರಿಗೂ ತಗೊಂಡವರಿಗೂ. ಅದಕ್ಕಿಂತ ಹೆಚ್ಚಾಗಿ, ಸರೋಜಮ್ಮ ಒಡೆದ ಮಾಲು ದಾಟಿಸಿದಳು ಎಂಬ ಮಾತು ನನಗಾಗದು. ಅವರು ಬರೆದು ಮುಗಿಸುವವರೆಗೆ ಗಂಟೆಗಳು ನನ್ನ ಅಂಗಡಿಯಲ್ಲೇ ಇದ್ದವು. ಅವು ಹೊರಡುವ ಮೊದಲು ಏಳನೆಯದನ್ನು ನಾಗಮಂಗಲದ ಎರಕದವರ ಹತ್ತಿರ ತೆಗೆದುಕೊಂಡು ಹೋದೆ. ಅಚ್ಚು ತೆಗೆಸಿ, ಕರಗಿಸಿ, ಅದೇ ಕಂಚಿನಲ್ಲಿ ಅದೇ ಗಂಟೆಯನ್ನು ಮತ್ತೆ ಹೊಯ್ಯಿಸಿದೆ. ಅಂಚಿನ ಬಳ್ಳಿಯ ಕೆತ್ತನೆ ಕೂಡ ಹಾಗೇ ಬಂತು. ಅವರಿಗೆ ಹೇಳಲಿಲ್ಲ. ಹೇಳಿ ಕೊಟ್ಟರೆ ಉಡುಗೊರೆ ಹೇಗಾಗುತ್ತದೆ?

ಪರ್ತ್: ತಾಲೀಮು

ಈ ಗಂಟೆಗಳಿಗಾಗಿ ಮದಾಮ್ ಬರೆದ ಒಂಬತ್ತು ಭಾಗದ ಕೃತಿಗೆ ಮೂರು ಊರಿನಲ್ಲಿ ಮೂರು ಸಂಗೀತ ಕಚೇರಿ: ಪರ್ತ್, ಬ್ರಿಸ್ಬೇನ್, ಅಡಿಲೇಡ್. ವಾದ್ಯದವರು ಆಯಾ ಊರಿನವರು. ಗಂಟೆ ಹೊಡೆಯುವ ಟಿಮ್ ಎಂಬ ಕೆಂಪು ಗಡ್ಡದವನು ಮಾತ್ರ ನಮ್ಮ ಜೊತೆ ಮೂರೂ ಕಡೆ. ಮದಾಮ್ ನನ್ನನ್ನು ಕರೆಸಿಕೊಂಡದ್ದು ಗಂಟೆ ಕಟ್ಟುವುದಕ್ಕೆ. ನೈಲಾನ್ ಹಗ್ಗದಲ್ಲಿ ಕಟ್ಟಿದರೆ ನಾದ ಹಗ್ಗಕ್ಕೇ ಹೋಗುತ್ತದೆ, ತೆಂಗಿನ ನಾರಿನ ಹಗ್ಗವೇ ಬೇಕು ಎಂದು ಅಂಗಡಿಯಲ್ಲಿ ನಾನೇ ಉಪದೇಶ ಮಾಡಿದ್ದೆ. ನಾರಿಗೂ ಅನುಮತಿ ಪತ್ರ ಬೇಕಾಯಿತು, ಅದಿರಲಿ.

ಖಾಲಿ ಸಭಾಂಗಣ, ತೇಗದ ಬಣ್ಣದ ಗೋಡೆ. ಟಿಮ್ ಒಂದರಿಂದ ಶುರುಮಾಡಿದ. ಮದಾಮ್ ಒಂದೊಂದು ನಾದಕ್ಕೂ ತಲೆದೂಗುತ್ತಿದ್ದರು, ಮೂರು ವರ್ಷ ಕಾಣದ ಮೊಮ್ಮಕ್ಕಳನ್ನು ಎಣಿಸುವ ಹಾಗೆ. ಏಳನೆಯದನ್ನು ಹೊಡೆದ. ಗಂಟೆ ತುಂಬಿ ಬಂತು, ಶುದ್ಧವಾಗಿ, ಒಂದೇ ಸ್ವರ, ಹಾಲು ಸುರಿದ ಹಾಗೆ. ನನಗಂತೂ ಎದೆ ಉಬ್ಬಿತು.

ಮದಾಮ್ ತಲೆದೂಗಲಿಲ್ಲ. ಇನ್ನೊಮ್ಮೆ ಹೊಡೆಯಲು ಹೇಳಿದರು. ಮತ್ತೊಮ್ಮೆ. ಕೋಲು ಬದಲಿಸಿ ಹೊಡೆಯಲು ಹೇಳಿದರು. ಹತ್ತಿರ ಬಂದು ಕಿವಿ ಇಟ್ಟರು. ಆಮೇಲೆ ಹಿಂದೆ ಕೂತ ವಾದ್ಯದವರಿಗೆ ಸನ್ನೆ ಮಾಡಿದರು. ಪಿಟೀಲಿನ ದೊಡ್ಡಕ್ಕನಂಥ ವಿಯೋಲಾ ಎಂಬ ವಾದ್ಯವಿದೆ, ಅದನ್ನು ಹನ್ನೆರಡು ಜನ ಎತ್ತಿಕೊಂಡರು. ಆರು ಜನ ಒಂದು ಸ್ವರ, ಇನ್ನಾರು ಜನ ಅದಕ್ಕೆ ಕೂದಲೆಳೆ ಅಂತರದ ಇನ್ನೊಂದು ಸ್ವರ. ಎರಡೂ ಉಜ್ಜಿಕೊಂಡು ನಡುಗಿದವು. ಆಗ ನನಗೆ ಗೊತ್ತಾಯಿತು. ಅದು ನನ್ನ ಅಂಗಡಿಯ ಬಿರುಕಿನ ಸದ್ದು. ಕೊನೆಯ ಭಾಗವನ್ನು ಪೂರ್ತಿ ಅವರು ಆ ಬಿರುಕಿನ ಮೇಲೆ ಕಟ್ಟಿದ್ದರು. ಈಗ ಆ ಶುದ್ಧ ಗಂಟೆಯ ಪಕ್ಕದಲ್ಲಿ ಹನ್ನೆರಡು ಜನ ಅಪಸ್ವರ ನುಡಿಸುತ್ತಿರುವ ಹಾಗೆ ಕೇಳುತ್ತಿತ್ತು.

ಮದಾಮ್ ವೇದಿಕೆಯಿಂದ ಇಳಿದು ನನ್ನ ಹತ್ತಿರ ಬಂದರು. ನಾವಿಬ್ಬರೂ ಆಡುವುದು ಅರ್ಧಂಬರ್ಧ ಇಂಗ್ಲಿಷ್, ಕನ್ನಡದಲ್ಲಿ ಬರೆಯುತ್ತೇನೆ.

“ಸರೋಜಾ, ಇದು ಅದೇ ಗಂಟೆಯಾ?”

ವಾದ್ಯದವರೆಲ್ಲ ನೋಡುತ್ತಿದ್ದರು. ಟಿಮ್ ಕೋಲು ಹಿಡಿದು ನಿಂತಿದ್ದ. ಅಲ್ಲ ಎಂದರೆ ಅಷ್ಟು ಜನರ ಎದುರು ನಾನು ಮಾಲು ಬದಲಿಸಿದವಳು ಎನ್ನಿಸಿಕೊಳ್ಳಬೇಕಿತ್ತು.

“ಅದೇ ಗಂಟೆ ಮದಾಮ್. ಅದೇ ಕಂಚು,” ಎಂದೆ.

ವ್ಯಾಪಾರದಲ್ಲಿ ಇಂಥ ಮಾತಿಗೆ ಸುಳ್ಳು ಎನ್ನುವುದಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಬಲಗಿವಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಟ್ಟರು, ನೀರು ಹೊಕ್ಕವರು ಮಾಡುವ ಹಾಗೆ.

ಕಚೇರಿ ಮರುದಿನ ಮಧ್ಯಾಹ್ನ ನಡೆಯಿತು. ಆ ಜನ ಸಂಗೀತ ಕೇಳುವಾಗ ಕೆಮ್ಮುವುದೂ ಇಲ್ಲ, ಕೆಮ್ಮನ್ನೆಲ್ಲ ಕೂಡಿಟ್ಟು ಭಾಗ ಮುಗಿದಾಗ ಒಟ್ಟಿಗೆ ಕೆಮ್ಮುತ್ತಾರೆ. ಕೊನೆಯ ಭಾಗದಲ್ಲಿ ಮಾತ್ರ ನಡುವೆಯೇ ಕೆಮ್ಮಿದರು. ನನ್ನ ಮುಂದಿನ ಮುದುಕ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ನಕ್ಕ. ಚಪ್ಪಾಳೆ ಸಭ್ಯವಾಗಿತ್ತು. ಮದಾಮ್ ಕೊನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಟೂವಾಂಗ್, ಬ್ರಿಸ್ಬೇನ್

ಬ್ರಿಸ್ಬೇನಿನಲ್ಲಿ ಬಸ್ಸು ಇಳಿಯುವ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಯೂ ಹೇಳುತ್ತಾರೆ. ಶಾಲೆಯ ಮಕ್ಕಳೂ, ಕುಡಿದವರೂ. ನಮ್ಮಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಹೇಳಿದರೂ ಹೇಳಬಹುದು. ಎರಡನೇ ದಿನದಿಂದ ನಾನೂ ಹೇಳತೊಡಗಿದೆ. ಮೂರು ದಿನದಲ್ಲಿ ನಾನು ಆ ಊರಿನಲ್ಲಿ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಬಹುಶಃ ಅದೊಂದೇ.

ಮದಾಮ್ ಊಟ ಬಿಟ್ಟಿದ್ದರು. ಹೋಟೆಲಿನಲ್ಲಿ ಚಮಚವನ್ನು ಲೋಟಕ್ಕೆ ತಟ್ಟಿ ಕಿವಿಗೊಡುವುದು, ಎದುರು ಕೂತ ನನ್ನನ್ನು ಈಗ ಕೇಳಿಸಿತೇ, ಇನ್ನೂ ಕೇಳಿಸುತ್ತಿದೆಯೇ ಎಂದು ಕೇಳುವುದು. ಕೊನೆಗೆ ಕಿವಿ ಡಾಕ್ಟರ್ ಯಾರಾದರೂ ಗೊತ್ತೇ ಎಂದರು. ಮೈಸೂರಿನ ಡಾಕ್ಟರ್ ನಸೀಮಾ ಟೂವಾಂಗ್‌ನಲ್ಲಿದ್ದಾಳೆ. ಮಂಡಿ ಮೊಹಲ್ಲಾದ ಅವಳ ತಾಯಿ ನನ್ನ ಹಳೇ ಗಿರಾಕಿ. ಮದಾಮ್ ನನ್ನನ್ನೂ ಒಳಗೆ ಕೂರಿಸಿಕೊಂಡರು, ಇಂಗ್ಲಿಷ್ ತಪ್ಪಾಗಿ ತಿಳಿದೇನೆಂಬ ಭಯಕ್ಕೆ.

ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದಳು ನಸೀಮಾ. ವಯಸ್ಸಿಗೆ ತಕ್ಕ ಹಾಗೆ ತೀರ ಮೇಲಿನ ಸ್ವರಗಳು ಹೋಗಿವೆ, ಗಂಟೆಯ ನಾದದ ಮಟ್ಟದಲ್ಲಿ ಏನೂ ತೊಂದರೆಯಿಲ್ಲ, ಈ ವಯಸ್ಸಿನಲ್ಲಿ ಇಂಥ ಕಿವಿ ನೋಡಿಲ್ಲ ಎಂದಳು. ನನಗೆ ಹೋದ ಉಸಿರು ಬಂದ ಹಾಗಾಯಿತು. ಮದಾಮ್ ಮುಖ ಮಾತ್ರ ಕಳೆಗುಂದಿತು.

“ಹಾಗಾದರೆ ಹೋಗಿರುವುದು ಕಿವಿಯಲ್ಲ,” ಎಂದರು. “ನಾನು ಮೂರು ವರ್ಷ ಇಲ್ಲದ ಸದ್ದನ್ನು ಬರೆದಿದ್ದೇನೆ.”

ಆಮೇಲೆ, ಯಾರನ್ನೂ ನೋಡದೆ, ತಾಯಿಯ ಕತೆ ಹೇಳಿದರು. ಇಸ್ತ್ರಿ ಹಾಕುತ್ತಿದ್ದ ಆ ತಾಯಿಗೆ ಕೊನೆಗಾಲದಲ್ಲಿ ಯಾರೋ ಬಾಗಿಲು ಬಡಿಯುವುದು ಕೇಳಿಸುತ್ತಿತ್ತಂತೆ. ದಿನಕ್ಕೆ ನೂರು ಸಲ ಎದ್ದು ಹೋಗಿ ತೆಗೆಯುತ್ತಿದ್ದರು. ಮಗಳನ್ನು ಗುರುತು ಹಿಡಿಯದೆ, ನೀನೇನಾ ಬಡಿದದ್ದು ಎಂದು ಕೇಳುತ್ತಿದ್ದರು. ಮದಾಮ್ ಈಗ ಬರೆಯುತ್ತಿದ್ದ ದೊಡ್ಡ ಕೃತಿ, ಅವರ ಮೊದಲ ಸಂಗೀತ ನಾಟಕ, ಆ ತಾಯಿಯ ಕತೆ. ಅರ್ಧ ಮುಗಿದಿತ್ತು. ಅವರ ದೇಶದ ದೊಡ್ಡ ರಂಗಮಂದಿರವೊಂದು ಅದಕ್ಕಾಗಿ ಕಾದಿತ್ತು.

ಹೊರಗೆ ನಸೀಮಾ ನನ್ನನ್ನು ಪಕ್ಕಕ್ಕೆ ಕರೆದಳು.

“ಆಂಟಿ, ಪರೀಕ್ಷೆ ಅವ್ರಿಗೆ. ನೀವ್ಯಾಕೆ ಬೆವರ್ತಾ ಇದೀರ?”

ಹೇಳಿದೆ. ಎಲ್ಲವನ್ನೂ, ನಾಗಮಂಗಲದ ಕುಲುಮೆವರೆಗೂ. ಅವಳು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು.

“ನಾನು ಹೇಳೋ ಹಾಗಿಲ್ಲ ಆಂಟಿ. ನೀವೇ ಹೇಳ್ಬೇಕು. ನಾಳೆ ಅಲ್ಲ, ಇವತ್ತು.”

ಹೂಂ ಎಂದೆ. ಆದರೆ ನಾನು ಮೊದಲು ಮಾಲು ಸರಿಮಾಡಿ ಆಮೇಲೆ ತಪ್ಪು ಒಪ್ಪಿಕೊಳ್ಳುವವಳು. ಕೈಯಲ್ಲಿ ಪರಿಹಾರ ಇಟ್ಟುಕೊಂಡು ಹೋದರೆ ಬೈಗುಳ ಅರ್ಧವಾಗುತ್ತದೆ, ಇದು ಅಂಗಡಿಯ ಪಾಠ. ಆ ಸಂಜೆ ಸಭಾಂಗಣಕ್ಕೆ ಹೋಗಿ ಏಳನೇ ಗಂಟೆಯ ಒಳಮೈಗೆ ತಾಮ್ರದ ತಂತಿ ಕಟ್ಟಿದೆ, ಅಂಚಿಗೆ ಮೇಣದಲ್ಲಿ ನಾಣ್ಯ ಅಂಟಿಸಿದೆ, ಸೀಸದ ಚೂರು ಇಟ್ಟೆ. ಗರಗರ ಎಂದಿತು, ಕಟಕಟ ಎಂದಿತು. ನಡುಗಲಿಲ್ಲ. ಬಿರುಕು ಮುಚ್ಚುವುದು ಗೊತ್ತಿತ್ತು ನನಗೆ, ತರುವುದು ಗೊತ್ತಿರಲಿಲ್ಲ.

ಸಭಾಂಗಣಕ್ಕೆ ಹೊರಡುವಾಗ ಮದಾಮ್ ಒಂದು ಲಕೋಟೆ ಕೊಟ್ಟು, ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತೀರಾ ಎಂದಿದ್ದರು. ಅಲ್ಲಿಯ ಡಬ್ಬಿಯೂ ನಮ್ಮದರ ಹಾಗೇ ಕೆಂಪು. ಅದನ್ನು ಕಂಡು ಖುಷಿಯಾಗಿ ಫೋಟೋ ತೆಗೆದುಕೊಂಡಿದ್ದೆ.

ಮರುದಿನದ ಕಚೇರಿಯಲ್ಲಿ ಮದಾಮ್ ಕೊನೆಯ ಭಾಗವನ್ನೇ ನುಡಿಸಗೊಡಲಿಲ್ಲ. ಎಂಟು ಭಾಗಕ್ಕೆ ನಿಲ್ಲಿಸಿದರು. ಜನ ಹೆಚ್ಚು ಚಪ್ಪಾಳೆ ತಟ್ಟಿದರು.

ಅಡಿಲೇಡ್: ಬೆಳಿಗ್ಗೆ

ಅಡಿಲೇಡ್ ಕಲ್ಲಿನ ಊರು, ಒಣ ಗಾಳಿ, ಅಳತೆಪಟ್ಟಿ ಇಟ್ಟು ಎಳೆದ ಬೀದಿಗಳು. ಬಿಡುವಿದ್ದವರು ಸುತ್ತಿನ ತೋಟಗಳನ್ನು ನೋಡಬಹುದು. ನಾನು ನೋಡಲಿಲ್ಲ.

ಕಚೇರಿಯ ದಿನ ಬೆಳಿಗ್ಗೆ ನಾನು ಗಂಟೆ ಕಟ್ಟುತ್ತಿದ್ದೆ. ಟಿಮ್ ಕಾಫಿ ತರಲು ಹೋಗಿದ್ದ. ಮದಾಮ್ ವೇದಿಕೆಯ ಮೆಟ್ಟಿಲ ಮೇಲೆ ಕೂತು ತಮ್ಮ ಪುಸ್ತಕದಲ್ಲಿ ಪೆನ್ಸಿಲಿನಿಂದ ಏನನ್ನೋ ಹೊಡೆದುಹಾಕುತ್ತಿದ್ದರು. ಏಳನೆಯದನ್ನು ಕಟ್ಟುವುದು ಬೇಡ ಎಂದರು. ಹಾಗೆಯೇ, ಹವಾಮಾನದ ಮಾತಾಡುವ ದನಿಯಲ್ಲಿ, ನಾಟಕ ಬರೆಯುವುದನ್ನು ಬಿಟ್ಟೆ ಎಂದರು. ನನ್ನನ್ನು ನಾನೇ ನಂಬಲಾರೆ, ಬೇರೆ ಯಾರಿಂದಲಾದರೂ ಬರೆಸಿ ಎಂದು ರಂಗಮಂದಿರಕ್ಕೆ ತಿಳಿಸಿದ್ದೇನೆ ಎಂದರು.

“ಯಾವಾಗ ತಿಳಿಸಿದಿರಿ?”

“ಬ್ರಿಸ್ಬೇನಿನಲ್ಲಿ. ನೀವೇ ಡಬ್ಬಿಗೆ ಹಾಕಿದಿರಲ್ಲ.”

ನಾರಿನ ಹಗ್ಗ ಕೆಳಗಿಟ್ಟೆ. ಇನ್ನು ತಡೆಯಲಾಗಲಿಲ್ಲ. ಅವರ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೇಳಿದೆ.

“ಪರ್ತ್‌ನಲ್ಲಿ ನಿಮ್ಮ ಕಿವಿ ಸರಿಯಾಗಿತ್ತು ಮದಾಮ್. ಗಂಟೆಯೇ ಬೇರೆ. ಅದರಲ್ಲಿ ಬಿರುಕಿತ್ತು, ನಾನು ಕರಗಿಸಿ ಹೊಸದಾಗಿ ಹೊಯ್ಯಿಸಿದೆ.”

ಅವರು ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮುಚ್ಚಿದರು.

“ಬಿರುಕಿದ್ದದ್ದು ನನಗೆ ಗೊತ್ತಿತ್ತು,” ಎಂದರು. “ಅದಕ್ಕೇ ಅದನ್ನು ಕೊಂಡದ್ದು.”

“ನೀವು ಮತ್ತೆ ಮತ್ತೆ ತಟ್ಟಿದಿರಿ. ಬೆಲೆ ಇಳಿಸಲಿಕ್ಕೆ ಎಂದುಕೊಂಡೆ.”

ಅವರ ಮುಖದಲ್ಲಿ ನಗು ಹೊರಟು ಅರ್ಧಕ್ಕೇ ನಿಂತಿತು. ಹಳೇ ಕಂಚು ಎಲ್ಲಿ ಎಂದು ಕೇಳಿದರು. ಇದರೊಳಗೇ ಇದೆ ಎಂದೆ. ಬಹಳ ಹೊತ್ತು ಗಂಟೆಯನ್ನೇ ನೋಡಿದರು.

“ಹೇಗಿತ್ತು? ನಿಮಗೆ ನೆನಪಿದೆಯಾ?”

ಮರೆಯುವುದು ಹೇಗೆ? ಬಾಯಿ ಮುಚ್ಚಿಕೊಂಡು ಆ ಸ್ವರ ಗುನುಗಿದೆ. ಆದರೆ ಒಂದು ಗಂಟಲಿನಲ್ಲಿ ಎರಡು ಸ್ವರ ಬರುವುದಿಲ್ಲ. ಅವರು ಕೈಯೆತ್ತಿ, ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದರು. ಆಮೇಲೆ ತಾವೂ ಗುನುಗತೊಡಗಿದರು, ನನ್ನದಕ್ಕಿಂತ ಕೂದಲೆಳೆ ಮೇಲೆ. ಎರಡು ಮುದಿ ದನಿಗಳು ಖಾಲಿ ಸಭಾಂಗಣದಲ್ಲಿ ಉಜ್ಜಿಕೊಂಡವು. ನಡುವೆ ಗಾಳಿ ನಡುಗತೊಡಗಿತು, ಅಲೆ ಅಲೆಯಾಗಿ. ಅದು ನನ್ನ ದನಿಯಲ್ಲ, ಅವರದೂ ಅಲ್ಲ. ನಗರ್ತಪೇಟೆಯ ನನ್ನ ಅಂಗಡಿಯಲ್ಲಿ ಆ ದಿನ ನಡುಗಿದ್ದೇ.

ಉಸಿರು ಮುಗಿದು ಇಬ್ಬರೂ ನಿಂತೆವು.

“ಹೌದು,” ಎಂದರು ಮದಾಮ್. “ಇದೇ.”

ನಾನು ಅವರ ಕೈ ಹಿಡಿದುಕೊಂಡೆ. ಕಾಗದ ಇನ್ನೂ ತಲುಪಿರುವುದಿಲ್ಲ, ಈಗಲೇ ಫೋನ್ ಮಾಡಿ, ಗಂಟೆ ಮಾರಿದ ಮುದುಕಿಯ ಹುಚ್ಚು ಎಂದು ಬೇಕಾದರೆ ನನ್ನ ಮೇಲೆ ಹಾಕಿ, ಪೂರ್ತಿ ಆಗದಿದ್ದರೆ ಒಂದು ಅಂಕವನ್ನಾದರೂ ಮುಗಿಸುತ್ತೇನೆ ಎನ್ನಿ ಎಂದೆ. ನನಗೆ ಗೊತ್ತಿದ್ದ ಎಲ್ಲ ಬಗೆಯಲ್ಲೂ ಕೇಳಿದೆ. ಜೀವನದಲ್ಲಿ ಅಷ್ಟು ಚೌಕಾಸಿ ಯಾವುದಕ್ಕೂ ಮಾಡಿದವಳಲ್ಲ.

ಅವರು ಕೈ ಬಿಡಿಸಿಕೊಳ್ಳಲಿಲ್ಲ.

“ಪರ್ತ್‌ನಲ್ಲಿ ಅದನ್ನು ಹೊಡೆದ ಕೂಡಲೇ ನನ್ನ ಕಿವಿ ಇದಲ್ಲ ಎಂದಿತು. ನೀವು ಇದೇ ಎಂದಿರಿ. ಸರೋಜಾ, ಅರ್ಧ ಸಭೆ ಎದ್ದು ಹೋದಾಗಲೂ ನಾನು ನನ್ನ ಕಿವಿಯನ್ನೇ ನಂಬಿದವಳು. ಈ ಸಲ ನಿಮ್ಮನ್ನು ನಂಬಿದೆ. ಒಂದೇ ಮಾತಿಗೆ. ಅಮ್ಮನ ಕತೆ ಬರೆಯುವುದಕ್ಕೆ ತನ್ನ ಕಿವಿಯನ್ನೇ ನಂಬುವ ಆ ಹಳೇ ಹೆಂಗಸು ಬೇಕು. ಅವಳು ಪರ್ತ್‌ನಲ್ಲೇ ಉಳಿದುಬಿಟ್ಟಳು.”

ಟಿಮ್ ಕಾಫಿ ತಂದ. ಮೂವರೂ ಕುಡಿದೆವು.

ಅಡಿಲೇಡ್: ಮಧ್ಯಾಹ್ನ

ಆ ಮಧ್ಯಾಹ್ನ ಮದಾಮ್ ಏಳನೆಯದನ್ನು ಕಟ್ಟಲು ಹೇಳಿದರು, ಕೊನೆಯ ಭಾಗವನ್ನೂ ನುಡಿಸಲು ಹೇಳಿದರು. ಟಿಮ್‌ನ ಹಾಳೆಯಲ್ಲಿ ಒಂದು ಕಡೆ ಮಾತ್ರ ಪೆನ್ಸಿಲಿನಿಂದ ಗೀಟು ಎಳೆದಿದ್ದರು. ಆ ಜಾಗ ಬಂದಾಗ ಅವನು ಕೋಲನ್ನು ಗಂಟೆಯವರೆಗೆ ತಂದ, ಹೊಡೆಯಲಿಲ್ಲ, ಹಾಗೇ ಹಿಡಿದು ನಿಂತ. ಸಭೆ ಉಸಿರು ಹಿಡಿಯಿತು. ಆ ಖಾಲಿಯೊಳಗಿಂದ ಹನ್ನೆರಡು ವಿಯೋಲಾಗಳು ಮೆಲ್ಲಗೆ ಎದ್ದವು, ಯಾರೂ ಹೊಡೆಯದ ಗಂಟೆಯ ಬಾಲವನ್ನು ಹಿಡಿದು. ಯಾರೂ ಕೆಮ್ಮಲಿಲ್ಲ. ಮುಗಿದ ಮೇಲೂ ಬಹಳ ಹೊತ್ತು ಚಪ್ಪಾಳೆ ಬರಲಿಲ್ಲ, ಬಂದದ್ದು ನಿಲ್ಲಲಿಲ್ಲ. ಜನ ಎದ್ದು ನಿಂತು ಹಿಂದಕ್ಕೆ ತಿರುಗಿ ಅವರನ್ನು ಹುಡುಕಿದರು. ಮದಾಮ್ ಕೊನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಏಳಲಿಲ್ಲ.

ಆಮೇಲೆ ಎಂಟು ಗಂಟೆಗಳನ್ನು ಟಿಮ್‌ಗೆ ಕೊಟ್ಟರು. ಏಳನೆಯದನ್ನು ನೀವೇ ತೆಗೆದುಕೊಂಡು ಹೋಗಿ ಎಂದರು ನನಗೆ. ಕೊಟ್ಟ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ನನ್ನ ಅಂಗಡಿಯಲ್ಲಿ ಬೋರ್ಡ್ ಇದೆ. ತೆಗೆದುಕೊಂಡೆ.

ಓದುವವರಿಗೆ ಇನ್ನೊಂದೇ ಬುದ್ಧಿಮಾತು. ನಿಮ್ಮ ಎದುರು ಯಾರಾದರೂ ಒಂದು ವಸ್ತುವನ್ನು ಮತ್ತೆ ಮತ್ತೆ ತಟ್ಟಿದರೆ, ಏನು ಕೇಳಿಸುತ್ತಿದೆ ಎಂದು ಕೇಳಿ. ಅರ್ಧ ನಿಮಿಷದ ಕೆಲಸ, ನಾನು ಮಾಡಲಿಲ್ಲ.

ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಕೈಚೀಲ ತಪಾಸಣೆ ಮಾಡುವ ಹುಡುಗಿ ಗಂಟೆಯನ್ನು ಹೊರಗೆ ತೆಗೆದಳು. ಹುಲ್ಲಿಲ್ಲ, ಹತ್ತಿ ಬಟ್ಟೆಯಲ್ಲಿ ಸುತ್ತಿದ್ದೆ. ತಿರುಗಿಸಿ ನೋಡಿ, ಕುತೂಹಲಕ್ಕೆ, ಉಗುರಿನಿಂದ ಅಂಚಿಗೆ ಒಮ್ಮೆ ತಟ್ಟಿದಳು. ಶುದ್ಧವಾದ ಒಂದೇ ಸ್ವರ ಎದ್ದು, ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಎಷ್ಟು ಚೆನ್ನಾಗಿದೆ,” ಎಂದಳು. “ಒಂದು ಬಿರುಕೂ ಇಲ್ಲ.”

ನಾದ ಪೂರ್ತಿ ಇಳಿಯುವವರೆಗೆ ನಿಂತಿದ್ದೆ. ಆಮೇಲೆ ಬಟ್ಟೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ.